ಕಾಮಾ ದಾಟಿದ ಮೇಲೆ ಮೊದಲು ಸಿಗುವವರು ಯಾರು?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾವೇರಿ ಜಿಲ್ಲೆಯವನು. ಬಿ.ಕಾಂ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ “ಬೀಯಿಂಗ್ ಎ ರೇನಿ ಡೇ, ವಿ ಡಿಡ್ ನಾಟ್ ಗೋ ಔಟ್” ತಪ್ಪು, “ಇಟ್ ಬೀಯಿಂಗ್ ಎ ರೇನಿ ಡೇ” ಸರಿ ಎಂದು ಉತ್ತರ ಕೊಟ್ಟಿರುತ್ತಾರೆ. ಡ್ಯಾಂಗ್ಲಿಂಗ್ ಮಾಡಿಫೈಯರ್, ಮಿಸ್‌ಪ್ಲೇಸ್ಡ್ ಮಾಡಿಫೈಯರ್ ಎಂದು ಹೆಸರು ಬಾಯಿಪಾಠ ಮಾಡಿದ್ದೇನೆ. ಆದರೆ ವಾಕ್ಯ ನೋಡಿದರೆ ತಪ್ಪು ಕಾಣುವುದೇ ಇಲ್ಲ. ಒಂದು ಕೆಲಸದ ಅರ್ಜಿಯಲ್ಲಿ “ಹ್ಯಾವಿಂಗ್ ಕಂಪ್ಲೀಟೆಡ್ ಮೈ ಬಿ.ಕಾಂ, ಯುವರ್ ಕಂಪನಿ ವಿಲ್ ಗೆಟ್ ಎ ಸಿನ್ಸಿಯರ್ ವರ್ಕರ್” ಎಂದು ಬರೆದಿದ್ದೆ. ಗೆಳೆಯ ಅದೂ ತಪ್ಪು ಎಂದ. ಅರ್ಥ ಆಗುತ್ತಲ್ಲ ಸರ್, ಮತ್ತೆ ತಪ್ಪು ಹೇಗೆ? ಹಿಡಿಯುವ ಉಪಾಯ ಏನಾದರೂ ಇದೆಯಾ?

ಉತ್ತರ: ಇದೆ. ಮತ್ತು ಆ ಉಪಾಯ ನಿಮ್ಮ ಕನ್ನಡದಲ್ಲೇ ಇದೆ. ಈ ತಪ್ಪು ನಿಮ್ಮ ಕಣ್ಣಿಗೆ ಬೀಳದಿರುವುದಕ್ಕೂ ಕನ್ನಡವೇ ಕಾರಣ. ಅದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ, ಹಾಗಾಗಿ ಇಂಗ್ಲಿಷ್ ವಾಕ್ಯ ಓದುವಾಗ ಎಲ್ಲೂ ಎಡವಿದ ಹಾಗೆ ಆಗುವುದಿಲ್ಲ. ಆದರೆ ಆ ಕನ್ನಡವನ್ನು ಸ್ವಲ್ಪ ಬೇರೆ ರೀತಿ ಬಳಸಿದರೆ ಬಹಳಷ್ಟು ತಪ್ಪುಗಳನ್ನು ನೀವೇ ಹಿಡಿಯಬಹುದು. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಬಾಯಿಬಿಟ್ಟು ಓದಿ, ಆಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಇಳಿಸಿಕೊಳ್ಳಿ.

ಮೊದಲು ಮಳೆಯ ವಾಕ್ಯ. “ಬೀಯಿಂಗ್ ಎ ರೇನಿ ಡೇ” ಎಂಬ ತುಂಡಿನಲ್ಲಿ ಸಬ್ಜೆಕ್ಟ್, ಅಂದರೆ ಕರ್ತೃ, ಇಲ್ಲ. ಮಳೆಯ ದಿನ ಆಗಿದ್ದು ಯಾವುದು? ಅದು ಹೇಳುವುದಿಲ್ಲ. ಸಬ್ಜೆಕ್ಟ್ ಇಲ್ಲದ ಇಂಥ ತುಂಡು ವಾಕ್ಯದ ಮೊದಲಿಗೆ ಬಂದರೆ ಇಂಗ್ಲಿಷ್ ಓದುವವರು ಕಾಮಾ ದಾಟಿ ಹೋಗಿ, ಮುಖ್ಯ ವಾಕ್ಯದ ಸಬ್ಜೆಕ್ಟನ್ನೇ ತಂದು ಅದಕ್ಕೆ ಜೋಡಿಸುತ್ತಾರೆ. ಇಲ್ಲಿ ಕಾಮಾ ಆದ ಮೇಲೆ ಇರುವುದು “ವಿ”. ಅಂದರೆ ನಾವೇ ಮಳೆಯ ದಿನ ಆದ ಹಾಗಾಯಿತು. “ಇಟ್ ಬೀಯಿಂಗ್” ಎಂದಾಗ ಆ ತುಂಡಿಗೆ ತನ್ನದೇ ಸಬ್ಜೆಕ್ಟ್ ಸಿಕ್ಕಿತು, ಆಚೆ ಕಡೆಯಿಂದ ತರುವ ಅಗತ್ಯ ಉಳಿಯಲಿಲ್ಲ. ವ್ಯಾಕರಣದಲ್ಲಿ ಇದನ್ನು ಆಬ್ಸಲ್ಯೂಟ್ ಎನ್ನುತ್ತಾರೆ. “ವೆದರ್ ಪರ್ಮಿಟಿಂಗ್”, “ದ ರೇನ್ ಹ್ಯಾವಿಂಗ್ ಸ್ಟಾಪ್ಡ್” ಇವೂ ಅದೇ ಜಾತಿಯವು. ಪರೀಕ್ಷೆಯಲ್ಲಿ “ಇಟ್ ಬೀಯಿಂಗ್” ಬಂದರೆ ಅದನ್ನೇ ಆರಿಸಿ. ಆದರೆ ನೀವಾಗಿ ಬರೆಯುವಾಗ ಅದರ ತಂಟೆಗೆ ಹೋಗಬೇಡಿ, ಬಿಗಿದುಕೊಂಡ ಹಳೆಯ ಕಾಲದ ಮಾತದು. “ಸಿನ್ಸ್ ಇಟ್ ವಾಸ್ ರೇನಿಂಗ್, ವಿ ಡಿಡ್ ನಾಟ್ ಗೋ ಔಟ್” ಎಂದರೆ ಸಾಕು.

ಮಾಡಿಫೈಯರ್ ಅಂದರೆ ಇನ್ನೊಂದನ್ನು ವಿವರಿಸುವ ಮಾತು. ಡ್ಯಾಂಗ್ಲಿಂಗ್ ಅಂದರೆ ಇಷ್ಟೇ. ಮೊದಲ ತುಂಡು ಯಾರ ಬಗ್ಗೆ, ಯಾವುದರ ಬಗ್ಗೆ ಹೇಳುತ್ತಿದೆಯೋ ಅದು ಸಬ್ಜೆಕ್ಟಿನ ಜಾಗದಲ್ಲಿ ಇಲ್ಲ, ಕೆಲವೊಮ್ಮೆ ಇಡೀ ವಾಕ್ಯದಲ್ಲೇ ಇಲ್ಲ. ಮಿಸ್‌ಪ್ಲೇಸ್ಡ್ ಅಂದರೆ ಅದು ವಾಕ್ಯದಲ್ಲಿ ಇದೆ, ಆದರೆ ಅದನ್ನು ವಿವರಿಸುವ ಮಾತು ದೂರ ಹೋಗಿ ಬೇರೆಯದಕ್ಕೆ ಅಂಟಿಕೊಂಡಿದೆ. ಹೆಸರಿನ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ಈ ವಾಕ್ಯ ನೋಡಿ. “ಉಣಕಲ್ ಕೆರೆ ದಂಡೆಯ ಮೇಲೆ ನಡೆಯುವಾಗ ಸೂರ್ಯ ಮುಳುಗಿದ.” ಕನ್ನಡದಲ್ಲಿ ಇದರಲ್ಲಿ ಏನೂ ತಪ್ಪಿಲ್ಲ. ನಡೆದವರು ನಾವು, ಮುಳುಗಿದವನು ಸೂರ್ಯ. ‘ನಡೆಯುವಾಗ’ ಎಂಬುದು ಹೊತ್ತು ಯಾವುದು ಎಂದು ಹೇಳಿ ಸುಮ್ಮನಾಗುತ್ತದೆ. ನಡೆದದ್ದು ಸೂರ್ಯನೇ ಎಂದು ಯಾರೂ ತಿಳಿಯುವುದಿಲ್ಲ. ಇದನ್ನೇ ಇಂಗ್ಲಿಷಿಗೆ ತರುವಾಗ ನಮ್ಮ ಕೈ ತಾನಾಗಿ ಬರೆಯುವುದು ಹೀಗೆ: “ವಾಕಿಂಗ್ ಅಲಾಂಗ್ ಉಣಕಲ್ ಲೇಕ್, ದ ಸನ್ ಸೆಟ್.” ಇಲ್ಲಿ ಸೂರ್ಯನೇ ಕೆರೆ ದಂಡೆಯ ಮೇಲೆ ನಡೆದ ಹಾಗಾಯಿತು. ಯಾಕೆಂದರೆ ಇಂಗ್ಲಿಷಿನ ಈ ಐಎನ್‌ಜಿ ರೂಪದ ಸ್ವಭಾವ ನಮ್ಮ ‘ನಡೆಯುವಾಗ’ ಎಂಬುದರ ಸ್ವಭಾವ ಅಲ್ಲ, ‘ನಡೆಯುತ್ತಾ’ ಎಂಬುದರ ಸ್ವಭಾವ.

ಈ ಎರಡರ ನಡುವಿನ ವ್ಯತ್ಯಾಸ ನಿಮಗೆ ಯಾರೂ ಕಲಿಸಿಲ್ಲ, ಆದರೂ ಗೊತ್ತು. “ಪೇಪರ್ ಓದುತ್ತಾ ಚಹಾ ಕುಡಿದೆ” ಸರಿ. “ಪೇಪರ್ ಓದುತ್ತಾ ಕರೆಂಟ್ ಹೋಯಿತು” ಅಂದರೆ ಕಿವಿಗೆ ಹೊಡೆಯುತ್ತದೆ, ಅಲ್ವಾ? ಕರೆಂಟ್ ಪೇಪರ್ ಓದುವುದಿಲ್ಲ. “ಪೇಪರ್ ಓದುವಾಗ ಕರೆಂಟ್ ಹೋಯಿತು” ಅಂದ ತಕ್ಷಣ ಸರಿಹೋಗುತ್ತದೆ. ‘ಉತ್ತಾ’ ಬಂದರೆ ಎರಡೂ ಕೆಲಸ ಒಬ್ಬರದೇ ಆಗಿರಬೇಕು. ‘ಓದುವಾಗ’, ‘ಓದಿದಾಗ’, ‘ಓದಿದರೆ’, ‘ಓದಿದ ಮೇಲೆ’ ಇವುಗಳಲ್ಲಿ ಆ ಕಟ್ಟುಪಾಡು ಇಲ್ಲ, ಮುಂದೆ ಯಾರು ಬೇಕಾದರೂ ಬರಬಹುದು. ಇಂಗ್ಲಿಷಿನಲ್ಲಿ ಮೊದಲಿಗೆ ಬರುವ ಐಎನ್‌ಜಿ ತುಂಡಿಗೆ ಈ ಎರಡನೇ ಬಗೆಯ ಸ್ವಾತಂತ್ರ್ಯ ಇಲ್ಲ. ನಾವು ಮಾತ್ರ ಅದನ್ನು ಎರಡಕ್ಕೂ ಬಳಸಿಬಿಡುತ್ತೇವೆ, ತಪ್ಪಿನ ಬೇರು ಅಲ್ಲಿದೆ.

ಹಾಗಾಗಿ ಉಪಾಯ ಇದು. ಐಎನ್‌ಜಿಯಿಂದ ಶುರುವಾಗುವ ವಾಕ್ಯ ಸಿಕ್ಕರೆ ಅದನ್ನು ಮನಸ್ಸಿನಲ್ಲಿ ‘ಉತ್ತಾ’ ಹಾಕಿ ಕನ್ನಡಕ್ಕೆ ತನ್ನಿ. ‘ವಾಗ’ ಹಾಕಬೇಡಿ, ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ. “ದಂಡೆಯ ಮೇಲೆ ನಡೆಯುತ್ತಾ ಸೂರ್ಯ ಮುಳುಗಿದ.” ಕೇಳಿಸಿತಾ? ಕನ್ನಡದಲ್ಲಿ ಅಸಂಬದ್ಧ ಅನಿಸಿದರೆ ಇಂಗ್ಲಿಷಿನಲ್ಲೂ ಅಸಂಬದ್ಧವೇ. “ಹ್ಯಾವಿಂಗ್” ಇದ್ದರೆ ‘ಮುಗಿಸಿ’, ‘ಬಂದು’, ‘ನೋಡಿ’ ಎಂಬ ರೂಪ ಹಾಕಿ. ನಿಮ್ಮ ಅರ್ಜಿಯ ವಾಕ್ಯಕ್ಕೆ ಹಾಕಿದರೆ ಸಿಗುವುದು: “ನನ್ನ ಬಿ.ಕಾಂ ಮುಗಿಸಿ ನಿಮ್ಮ ಕಂಪನಿ ಒಬ್ಬ ಪ್ರಾಮಾಣಿಕ ಕೆಲಸಗಾರನನ್ನು ಪಡೆಯುತ್ತದೆ.” ನಿಮ್ಮ ಬಿ.ಕಾಂ ಅನ್ನು ಕಂಪನಿಯೇ ಓದಿ ಮುಗಿಸಿದಂತಾಯಿತು. ನಿಮ್ಮ ಗೆಳೆಯ ಹೇಳಿದ್ದು ಸರಿ. “ಹ್ಯಾವಿಂಗ್ ಕಂಪ್ಲೀಟೆಡ್ ಮೈ ಬಿ.ಕಾಂ, ಐ ಆಮ್ ರೆಡಿ ಟು ವರ್ಕ್ ಸಿನ್ಸಿಯರ್ಲಿ ಫಾರ್ ಯುವರ್ ಕಂಪನಿ” ಎಂದು ಬರೆದರೆ ವ್ಯಾಕರಣ ಸರಿಯಾಯಿತು. ನನ್ನನ್ನು ಕೇಳಿದರೆ ಅರ್ಜಿಯಲ್ಲಿ ಈ ಹ್ಯಾವಿಂಗ್ ಕೂಡ ಬೇಡ, “ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ” ಎಂದು ನೇರವಾಗಿ ಒಂದು ವಾಕ್ಯ ಬರೆದು ಪೂರ್ಣವಿರಾಮ ಇಡಿ, ಆಮೇಲೆ ನಿಮಗೆ ಏನು ಬರುತ್ತದೆ, ಟ್ಯಾಲಿಯೋ ಜಿಎಸ್‌ಟಿ ರಿಟರ್ನೋ, ಅದನ್ನು ಬರೆಯಿರಿ. ಸಿನ್ಸಿಯರ್ ಎಂಬ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಒಂದು ಎಚ್ಚರಿಕೆ. “ಹೋಗ್ತಾ ಹೋಗ್ತಾ ಕತ್ತಲಾಯಿತು” ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ, ಅದು ಒಪ್ಪುತ್ತದೆ. ಎರಡು ಸಲ ಹೇಳಿದಾಗ ಕಟ್ಟು ಸಡಿಲವಾಗುತ್ತದೆ. ಅದಕ್ಕೇ ಪರೀಕ್ಷೆ ಮಾಡುವಾಗ ‘ಉತ್ತಾ’ ಒಂದೇ ಸಲ ಹಾಕಿ.

ಮುಂದೆ “ವೈಲ್”, “ಆಫ್ಟರ್”, “ಬಿಫೋರ್”, “ವೆನ್” ಹಾಕಿದರೆ ಬಚಾವು ಎಂದು ಬಹಳ ಜನ ನಂಬಿದ್ದಾರೆ. ಬಚಾವಾಗುವುದಿಲ್ಲ. “ವೈಲ್ ಗೆಟಿಂಗ್ ಡೌನ್ ಫ್ರಮ್ ದ ಬಸ್, ಮೈ ಬ್ಯಾಗ್ ವಾಸ್ ಲಾಸ್ಟ್” ಎಂಬುದರಲ್ಲಿ ಬಸ್ಸಿನಿಂದ ಇಳಿದದ್ದು ಬ್ಯಾಗು. “ಆಫ್ಟರ್ ಈಟಿಂಗ್, ದ ಪ್ಲೇಟ್ಸ್ ವರ್ ವಾಷ್ಡ್” ಎಂಬುದರಲ್ಲಿ ಊಟ ಮಾಡಿದ್ದು ತಟ್ಟೆಗಳು. ಇಂಥ ವಾಕ್ಯಗಳೇ ನಮ್ಮಲ್ಲಿ ಅತಿ ಹೆಚ್ಚು. ಯಾಕೆಂದರೆ “ಇಳಿಯುವಾಗ ಬ್ಯಾಗು ಕಳೆಯಿತು”, “ಊಟ ಮಾಡಿದ ಮೇಲೆ ತಟ್ಟೆ ತೊಳೆದಾಯಿತು” ಎಂಬ ಕನ್ನಡ ಮಾತು ಹಿಂದೆ ನಿಂತು ಧೈರ್ಯ ಕೊಡುತ್ತಿರುತ್ತದೆ. ಆ “ವೈಲ್” ಇಟ್ಟುಕೊಳ್ಳುವುದೇ ಆದರೆ ಅದಕ್ಕೆ ಪೂರ್ತಿ ಸಬ್ಜೆಕ್ಟ್ ಮತ್ತು ವರ್ಬ್ ಕೊಡಿ: “ವೈಲ್ ಐ ವಾಸ್ ಗೆಟಿಂಗ್ ಡೌನ್ ಫ್ರಮ್ ದ ಬಸ್, ಐ ಲಾಸ್ಟ್ ಮೈ ಬ್ಯಾಗ್.”

ಐಎನ್‌ಜಿ ಅಲ್ಲದೆ “ಬಿಲ್ಟ್”, “ಫೌಂಡೆಡ್”, “ರಿಟನ್”, “ಲೊಕೇಟೆಡ್” ಎಂಬ ರೂಪಗಳಿಂದ ಶುರುವಾಗುವ ವಾಕ್ಯಗಳಿವೆ. ಇವಕ್ಕೆ ಇನ್ನೂ ಸುಲಭದ ಪರೀಕ್ಷೆ. ಕನ್ನಡದಲ್ಲಿ ‘ಕಟ್ಟಿದ’, ‘ಬರೆದ’ ಎಂಬ ಮಾತು ತಾನು ವಿವರಿಸುವ ಪದದ ಮುಂದೆಯೇ ಬಂದು ನಿಲ್ಲುತ್ತದೆ. ಕಾಮಾ ಆದ ಮೇಲೆ ಯಾವ ಪದ ಇದೆಯೋ ಅದಕ್ಕೇ ಅಂಟಿಸಿ ಓದಿ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಬಗ್ಗೆ ಯಾರೋ ಬರೆಯುತ್ತಾರೆ ಅಂದುಕೊಳ್ಳಿ: “ಬಿಲ್ಟ್ ಇನ್ 1007, ಟೂರಿಸ್ಟ್ಸ್ ಲವ್ ದ ಬ್ರಹ್ಮ ಜಿನಾಲಯ.” ಅಂಟಿಸಿ ನೋಡಿ: 1007ರಲ್ಲಿ ಕಟ್ಟಿದ ಪ್ರವಾಸಿಗರು. ತಪ್ಪು ಬಯಲಾಯಿತು. “ಬಿಲ್ಟ್ ಇನ್ 1007, ದ ಬ್ರಹ್ಮ ಜಿನಾಲಯ ಅಟ್ರಾಕ್ಟ್ಸ್ ಮೆನಿ ಟೂರಿಸ್ಟ್ಸ್” ಎಂದರೆ 1007ರಲ್ಲಿ ಕಟ್ಟಿದ ಜಿನಾಲಯ, ಸರಿ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರಂ ಬಗ್ಗೆ ಬರೆಯುವಾಗಲೂ ಹಾಗೆಯೇ. “ಬೀಯಿಂಗ್ 1507 ಮೀಟರ್ಸ್ ಲಾಂಗ್, ಪ್ಯಾಸೆಂಜರ್ಸ್ ಹ್ಯಾವ್ ಟು ವಾಕ್ ಎ ಲಾಟ್ ಆನ್ ದ ಪ್ಲಾಟ್‌ಫಾರಂ” ಎಂದರೆ 1507 ಮೀಟರ್ ಉದ್ದದ ಪ್ರಯಾಣಿಕರು ಎಂದಾಗುತ್ತದೆ. “ಬಿಕಾಸ್ ದ ಪ್ಲಾಟ್‌ಫಾರಂ ಈಸ್ 1507 ಮೀಟರ್ಸ್ ಲಾಂಗ್” ಎಂದು ಶುರು ಮಾಡಿದರೆ ಗೊಂದಲವೇ ಇಲ್ಲ.

ಇಷ್ಟು ಹೇಳಿ ಬಿಟ್ಟರೆ ನಿಮಗೆ ಅನ್ಯಾಯ ಆಗುತ್ತದೆ, ಯಾಕೆಂದರೆ ಎರಡು ಕಡೆ ಈ ಕಿವಿಯ ಪರೀಕ್ಷೆ ಕೈ ಕೊಡುತ್ತದೆ. ಅಲ್ಲೇ ಚೆನ್ನಾಗಿ ಓದಿದವರೂ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ.

ಒಂದು, ಕಾರಣ ಹೇಳುವ ವಾಕ್ಯ. “ಮಳೆ ಬಂದು ಕೆರೆ ತುಂಬಿತು.” ಬಂದದ್ದು ಮಳೆ, ತುಂಬಿದ್ದು ಕೆರೆ. ಎರಡು ಬೇರೆ ಬೇರೆ, ಆದರೂ ವಾಕ್ಯ ಸರಿ. “ರಾತ್ರಿಯಿಡೀ ಓದಿ ಬಸವರಾಜನ ಕಣ್ಣು ಕೆಂಪಾದವು.” ಇದೂ ಸರಿ. ‘ಬಂದು’, ‘ಓದಿ’ ಎಂಬ ರೂಪ ಕಾರಣವನ್ನು ಹೇಳುವಾಗ ಕನ್ನಡ ಸಡಿಲ ಬಿಡುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. “ಹ್ಯಾವಿಂಗ್ ಸ್ಟಡೀಡ್ ಆಲ್ ನೈಟ್, ಬಸವರಾಜ್ಸ್ ಐಸ್ ವರ್ ರೆಡ್.” ಬಸವರಾಜ ಕಾಮಾ ಪಕ್ಕದಲ್ಲೇ ಇದ್ದಾನಲ್ಲ ಎಂದು ನಿಮಗೆ ಅನಿಸುತ್ತದೆ. ಇದ್ದಾನೆ, ಆದರೆ ಸಬ್ಜೆಕ್ಟ್ ಅವನಲ್ಲ, ಅವನ ಕಣ್ಣು. ಹೆಸರಿಗೆ ಅಪಾಸ್ಟ್ರಫಿ ಎಸ್ ಹತ್ತಿದರೆ ಅದು ಬರೀ ‘ಬಸವರಾಜನ’, ಷಷ್ಠಿ ವಿಭಕ್ತಿ. ಓದಿದ್ದು ಕಣ್ಣು ಎಂದಾಗುತ್ತದೆ. ತಪ್ಪು ಹುಡುಕುವ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ವಾಕ್ಯ, ಹೆಸರು ಪಕ್ಕದಲ್ಲೇ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ತಿದ್ದುವುದು ಹೀಗೆ: “ಬಸವರಾಜ್ ಹ್ಯಾಡ್ ಸ್ಟಡೀಡ್ ಆಲ್ ನೈಟ್, ಅಂಡ್ ಹಿಸ್ ಐಸ್ ವರ್ ರೆಡ್.”

ಎರಡನೆಯದು ಇನ್ನೂ ಒಳಗಿನ ಮಾತು. ಮೈಗೆ ಮನಸ್ಸಿಗೆ ಆಗುವುದನ್ನು ಹೇಳುವಾಗ ಕನ್ನಡದಲ್ಲಿ ವ್ಯಕ್ತಿಗೆ ‘ಗೆ’ ಹತ್ತುತ್ತದೆ. ನನಗೆ ಜ್ವರ ಬಂತು. ಅವಳಿಗೆ ಸಿಟ್ಟು ಬಂತು. ನಮಗೆ ಹಸಿವಾಯಿತು. ಇಲ್ಲಿ ‘ಬಂತು’ ಎಂಬ ಕ್ರಿಯಾಪದ ಹೊಂದಿಕೊಂಡಿರುವುದು ಜ್ವರದ ಜೊತೆ, ಆದರೆ ಅನುಭವಿಸುವವನು ನಾನು. ಹಾಗಾಗಿ “ಮಳೆಯಲ್ಲಿ ನೆನೆದು ನನಗೆ ಜ್ವರ ಬಂತು” ಎಂದರೆ ನೆನೆದದ್ದು ನಾನೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. “ಕೆಟ್ಟ ಸುದ್ದಿ ಕೇಳಿ ಅವಳಿಗೆ ಅಳು ಬಂತು”, “ಮಿರ್ಚಿ ತಿಂದು ಅವನಿಗೆ ಹೊಟ್ಟೆ ಉರಿಯಿತು”, ಎಲ್ಲ ಸರಿ. ಇದನ್ನೇ ಇಂಗ್ಲಿಷಿಗೆ ಸಾಗಿಸಿದರೆ “ಗೆಟಿಂಗ್ ವೆಟ್ ಇನ್ ದ ರೇನ್, ಫೀವರ್ ಕೇಮ್ ಟು ಮಿ” ಎಂದಾಗುತ್ತದೆ, ನೆನೆದದ್ದು ಜ್ವರ. ಇಂಗ್ಲಿಷಿನಲ್ಲಿ ಅನುಭವಿಸುವವರನ್ನು ಸಬ್ಜೆಕ್ಟ್ ಜಾಗಕ್ಕೇ ತಂದು ಕೂರಿಸಬೇಕು: “ಐ ಗಾಟ್ ಎ ಫೀವರ್ ಆಫ್ಟರ್ ಗೆಟಿಂಗ್ ವೆಟ್ ಇನ್ ದ ರೇನ್.” ಕನ್ನಡದಲ್ಲಿ ಯೋಚಿಸುವಾಗ ‘ನನಗೆ, ಅವನಿಗೆ, ಅವರಿಗೆ’ ಬಂದರೆ, ಇಂಗ್ಲಿಷ್ ಬರೆಯುವ ಮೊದಲು ಅದನ್ನು “ಐ, ಹಿ, ದೇ” ಮಾಡಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಿ. ಈ ಒಂದು ಅಭ್ಯಾಸದಿಂದ ಮಾಡಿಫೈಯರ್ ತಪ್ಪು ಅಷ್ಟೇ ಅಲ್ಲ, ಇನ್ನೂ ಎಷ್ಟೋ ಸರಿಹೋಗುತ್ತವೆ.

ಇಂಗ್ಲಿಷಿಗೆ ಯಾಕಿಷ್ಟು ಬಿಗಿ ಎಂದು ನೀವು ಕೇಳಬಹುದು. ನಮ್ಮಲ್ಲಿ ಪದವೇ ತನ್ನ ವಿಳಾಸ ಹೊತ್ತುಕೊಂಡು ಬರುತ್ತದೆ. ‘ಹುಡುಗನನ್ನು ನಾಯಿ ಕಚ್ಚಿತು’, ‘ನಾಯಿ ಹುಡುಗನನ್ನು ಕಚ್ಚಿತು’, ಹೇಗೆ ತಿರುಗಿಸಿದರೂ ಕಚ್ಚಿಸಿಕೊಂಡವನು ಹುಡುಗನೇ. ಇಂಗ್ಲಿಷಿನಲ್ಲಿ ತಿರುಗಿಸಿದರೆ ಹುಡುಗನೇ ನಾಯಿಯನ್ನು ಕಚ್ಚುತ್ತಾನೆ. ಹಿಂದೆ ಹೀಗಿರಲಿಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಆ ಜಿನಾಲಯ ಕಟ್ಟಿಸಿದ ಕಾಲದ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ನಂತರದ ಶತಮಾನಗಳಲ್ಲಿ ಅವು ಸವೆದುಹೋದವು. ಈಗ ಉಳಿದಿರುವುದು ಅಪಾಸ್ಟ್ರಫಿ ಎಸ್ ಮತ್ತು “ಹಿ, ಹಿಮ್”, “ಹೂ, ಹೂಮ್” ಇಂಥ ಒಂದಿಷ್ಟು ಸರ್ವನಾಮಗಳು. ಪ್ರತ್ಯಯ ಹೋದ ಮೇಲೆ ಯಾರು ಯಾರಿಗೆ ಸೇರಿದವರು ಎಂದು ಹೇಳುವ ಕೆಲಸವೆಲ್ಲ ಜಾಗದ ಮೇಲೆ ಬಿತ್ತು. ಜಾಗ ತಪ್ಪಿದರೆ ಸಂಬಂಧ ತಪ್ಪುತ್ತದೆ, ಅದಕ್ಕೇ ಅಷ್ಟು ಬಿಗಿ.

ಈ ಕಾರಣ ಅರ್ಥವಾದರೆ ಮಿಸ್‌ಪ್ಲೇಸ್ಡ್ ಮಾಡಿಫೈಯರಿಗೆ ಬೇರೆ ಪಾಠ ಬೇಕಾಗುವುದಿಲ್ಲ. “ಶಿ ಗೇವ್ ಎ ಸಾರಿ ಟು ಹರ್ ನೀಸ್ ದ್ಯಾಟ್ ವಾಸ್ ವೋವನ್ ಇನ್ ಬೆಟಗೇರಿ.” ಬೆಟಗೇರಿಯಲ್ಲಿ ನೇಯ್ದದ್ದು ಸೀರೆ, ಆದರೆ ಆ ಮಾತು ಸೋದರ ಸೊಸೆಯ ಪಕ್ಕ ಹೋಗಿ ನಿಂತಿದೆ. ಕನ್ನಡದಲ್ಲಿ ವಿವರ ಮೊದಲು, ಪದ ಆಮೇಲೆ: ‘ಬೆಟಗೇರಿಯಲ್ಲಿ ನೇಯ್ದ ಸೀರೆ’. ಇಂಗ್ಲಿಷಿನಲ್ಲಿ ಪದ ಮೊದಲು, ಉದ್ದದ ವಿವರ ಅದರ ಬೆನ್ನಿಗೇ: “ಎ ಸಾರಿ ವೋವನ್ ಇನ್ ಬೆಟಗೇರಿ”. ನಡುವೆ ಯಾರನ್ನೂ ಬಿಡಬಾರದು. “ಶಿ ಗೇವ್ ಹರ್ ನೀಸ್ ಎ ಸಾರಿ ವೋವನ್ ಇನ್ ಬೆಟಗೇರಿ.” ವಾಕ್ಯ ಚಿಕ್ಕದೂ ಆಯಿತು.

“ಓನ್ಲಿ” ವಿಷಯ ಬೇರೆ. ನಮ್ಮ ‘ಮಾತ್ರ’ ಪದದ ಹಿಂದೆ ಬರುತ್ತದೆ: ಭಾನುವಾರ ಮಾತ್ರ. ಅದಕ್ಕೇ ನಾವು “ಆನ್ ಸಂಡೇ ಓನ್ಲಿ” ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ತಾನು ಹಿಡಿಯುವ ಪದದ ಮುಂದೆ ಬರಬೇಕು. “ಐ ಈಟ್ ರೊಟ್ಟಿ ಓನ್ಲಿ ಆನ್ ಸಂಡೇಸ್” ಎಂದರೆ ಉಳಿದ ದಿನ ರೊಟ್ಟಿ ಇಲ್ಲ. “ಐ ಈಟ್ ಓನ್ಲಿ ರೊಟ್ಟಿ ಆನ್ ಸಂಡೇಸ್” ಎಂದರೆ ಭಾನುವಾರ ಎಣಗಾಯಿಯೂ ಇಲ್ಲ, ಅನ್ನವೂ ಇಲ್ಲ, ಬರೀ ರೊಟ್ಟಿ. “ಓನ್ಲಿ ಐ ಈಟ್ ರೊಟ್ಟಿ ಆನ್ ಸಂಡೇಸ್” ಎಂದರೆ ಮನೆಯಲ್ಲಿ ಬೇರೆ ಯಾರೂ ತಿನ್ನುವುದಿಲ್ಲ. ಇಂಗ್ಲಿಷ್ ತಾಯ್ನುಡಿಯವರು ಮಾತಾಡುವಾಗ ಅದನ್ನು ಸಾಮಾನ್ಯವಾಗಿ ವರ್ಬಿನ ಮುಂದೆ ಇಟ್ಟು, ಒತ್ತು ಕೊಟ್ಟು ಅರ್ಥ ತಿಳಿಸುತ್ತಾರೆ. ಮಾತಿನಲ್ಲಿ ಅದು ತಪ್ಪಲ್ಲ. ಬರಹದಲ್ಲಿ ದನಿ ಇರುವುದಿಲ್ಲ, ಹಾಗಾಗಿ ಜಾಗವನ್ನೇ ಸರಿ ಇಡಿ. “ಆಲ್ಮೋಸ್ಟ್” ಮತ್ತು “ನಿಯರ್ಲಿ” ಇನ್ನೂ ದುಬಾರಿ. ಬ್ಯಾಡಗಿ ಮಾರ್ಕೆಟ್ಟಿನ ವ್ಯಾಪಾರಿ “ನಿಯರ್ಲಿ ಸೋಲ್ಡ್ ಫಿಫ್ಟಿ ಬ್ಯಾಗ್ಸ್” ಎಂದರೆ ಮಾರುವುದರಲ್ಲಿದ್ದ, ಕೊನೆಗೆ ಮಾರಲಿಲ್ಲ ಎಂದೂ ಓದಬಹುದು. “ಸೋಲ್ಡ್ ನಿಯರ್ಲಿ ಫಿಫ್ಟಿ ಬ್ಯಾಗ್ಸ್” ಎಂದರೆ ಹತ್ತಿರ ಹತ್ತಿರ ಐವತ್ತು ಚೀಲ ಮೆಣಸಿನಕಾಯಿ ಮಾರಿದ. ಲೆಕ್ಕದ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಎರಡೂ ಕಡೆ ನೋಡುವ ಮಾಡಿಫೈಯರೂ ಒಂದಿದೆ, ಹೆಸರು ಸ್ಕ್ವಿಂಟಿಂಗ್. “ಸ್ಟೂಡೆಂಟ್ಸ್ ಹೂ ಪ್ರಾಕ್ಟೀಸ್ ಆಫನ್ ಗೆಟ್ ಗುಡ್ ಮಾರ್ಕ್ಸ್.” ಪದೇ ಪದೇ ಅಭ್ಯಾಸವೋ, ಪದೇ ಪದೇ ಮಾರ್ಕ್ಸೋ? “ಹೂ ಆಫನ್ ಪ್ರಾಕ್ಟೀಸ್” ಎಂದು ಒಂದು ಕಡೆ ಸರಿಸಿದರೆ ಮುಗಿಯಿತು. ಇಂಥ ಗೊಂದಲ ನಮ್ಮಲ್ಲೂ ಇದೆ. ‘ಹಳೆ ಪುಸ್ತಕದ ಅಂಗಡಿ’ ಎಂದರೆ ಹಳೆಯದು ಪುಸ್ತಕವೋ ಅಂಗಡಿಯೋ, ಹೇಳುವುದು ಕಷ್ಟ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಅರ್ಥ ಆಗುತ್ತಲ್ಲ, ಮತ್ತೆ ತಪ್ಪು ಹೇಗೆ? ನಿಜ, ಬಹಳ ಸಲ ಆಗುತ್ತದೆ. ಸೂರ್ಯ ಕೆರೆ ದಂಡೆಯ ಮೇಲೆ ನಡೆದ ಎಂದು ಯಾರೂ ನಂಬುವುದಿಲ್ಲ. ಆದರೆ ಎರಡೂ ಅರ್ಥ ಸಾಧ್ಯವಿರುವ ವಾಕ್ಯ ಬಂದಾಗ ಏನು ಮಾಡುತ್ತೀರಿ? “ದ ಡ್ರೈವರ್ ಹಿಟ್ ದ ಸೈಕ್ಲಿಸ್ಟ್ ವೈಲ್ ಟಾಕಿಂಗ್ ಆನ್ ದ ಫೋನ್.” ಫೋನಿನಲ್ಲಿ ಮಾತಾಡುತ್ತಿದ್ದವರು ಯಾರು? ವ್ಯಾಕರಣದ ಪ್ರಕಾರ ಡ್ರೈವರ್ ಎಂದೇ ಹೇಳಬೇಕು, ಆದರೆ ಆ ತುಂಡು ನಿಂತಿರುವುದು ಸೈಕಲ್ಲಿನವನ ಪಕ್ಕ. ಒಂದು ದೂರಿನಲ್ಲಿ, ಇನ್ಶೂರೆನ್ಸ್ ಕ್ಲೇಮಿನಲ್ಲಿ ಇಂಥ ವಾಕ್ಯ ಬಂದರೆ ತಪ್ಪು ಯಾರದು ಎನ್ನುವುದೇ ಈ ಜಾಗದ ಮೇಲೆ ನಿಲ್ಲುತ್ತದೆ. ನಾಳೆ ನೀವು ಬ್ಯಾಂಕಿನಲ್ಲಿ ಕುಳಿತು ಗ್ರಾಹಕರಿಗೆ ಪತ್ರ ಬರೆಯುವವರು. “ಆಫ್ಟರ್ ವೆರಿಫೈಯಿಂಗ್ ದ ಡಾಕ್ಯುಮೆಂಟ್ಸ್, ದ ಲೋನ್ ವಿಲ್ ಬಿ ರಿಲೀಸ್ಡ್” ಎಂದು ಬರೆದರೆ ದಾಖಲೆ ಪರಿಶೀಲಿಸಬೇಕಾದವರು ಯಾರು, ಬ್ಯಾಂಕಿನವರೋ ಗ್ರಾಹಕರೋ ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ಒಬ್ಬ ರೈತ ಅದನ್ನು ಹಿಡಿದುಕೊಂಡು ಎರಡು ಸಲ ಬ್ಯಾಂಕಿಗೆ ಅಲೆಯಬೇಕಾಗಬಹುದು. “ಆಫ್ಟರ್ ದ ಬ್ಯಾಂಕ್ ವೆರಿಫೈಸ್ ಯುವರ್ ಡಾಕ್ಯುಮೆಂಟ್ಸ್, ಇಟ್ ವಿಲ್ ರಿಲೀಸ್ ದ ಲೋನ್” ಎಂದು ಬರೆಯಲು ಹೆಚ್ಚು ಹೊತ್ತು ಬೇಕಿಲ್ಲ. ಕಚೇರಿ ಇಂಗ್ಲಿಷಿನಲ್ಲಿ ಪ್ಯಾಸಿವ್ ವಾಯ್ಸ್ ಜಾಸ್ತಿ, ಮಾಡುವವರು ಯಾರು ಎಂಬುದೇ ಕಾಣೆಯಾಗಿರುತ್ತದೆ. ಡ್ಯಾಂಗ್ಲಿಂಗ್ ಬೆಳೆಯುವುದು ಅಲ್ಲೇ. ಪ್ಯಾಸಿವ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದರ ಮುಂದೆ ಸಬ್ಜೆಕ್ಟ್ ಇಲ್ಲದ ತುಂಡು ಹಾಕುವಾಗ ಎರಡು ಸಲ ನೋಡಿ ಎಂದಷ್ಟೇ ಹೇಳುತ್ತಿದ್ದೇನೆ.

ತಿದ್ದುವ ದಾರಿ ಎರಡೇ. ಮಾಡುವವರನ್ನು ಕಾಮಾ ಆದ ಮೇಲೆ ತಂದು ನಿಲ್ಲಿಸಿ, ಇಲ್ಲವೇ ಮೊದಲ ತುಂಡಿಗೇ ಸ್ವಂತ ಸಬ್ಜೆಕ್ಟ್ ಮತ್ತು ವರ್ಬ್ ಕೊಡಿ. ಕೆಲವರು ತುಂಡನ್ನು ಸುಮ್ನೆ ಎತ್ತಿ ವಾಕ್ಯದ ಕೊನೆಗೆ ಹಾಕುತ್ತಾರೆ: “ದ ಸನ್ ಸೆಟ್ ವಾಕಿಂಗ್ ಅಲಾಂಗ್ ದ ಲೇಕ್.” ಮಾಡುವವರೇ ವಾಕ್ಯದಲ್ಲಿ ಇಲ್ಲದಾಗ ಎಲ್ಲಿಗೆ ಎತ್ತಿಟ್ಟರೂ ಅಷ್ಟೇ.

ಇನ್ನು ತಪ್ಪಿನಂತೆ ಕಂಡರೂ ತಪ್ಪಲ್ಲದವು. “ಕನ್ಸಿಡರಿಂಗ್ ಹಿಸ್ ಏಜ್, ದ ಸ್ಪೀಚ್ ವಾಸ್ ಗುಡ್” ಸರಿ. “ಅಕಾರ್ಡಿಂಗ್ ಟು”, “ರಿಗಾರ್ಡಿಂಗ್”, “ಜನರಲಿ ಸ್ಪೀಕಿಂಗ್”, “ಜಡ್ಜಿಂಗ್ ಫ್ರಮ್” ಇವೆಲ್ಲ ಬಳಕೆಯಲ್ಲಿ ಉರುಳಿ ಉರುಳಿ ಸಬ್ಜೆಕ್ಟಿನ ಹಂಗು ಕಳಚಿಕೊಂಡಿವೆ. ಇವನ್ನು ನೋಡಿ ಹೆದರಬೇಡಿ. ಹಾಗೆಯೇ “ಟು ಓಪನ್ ಆನ್ ಅಕೌಂಟ್, ಬ್ರಿಂಗ್ ಯುವರ್ ಆಧಾರ್ ಕಾರ್ಡ್” ಸರಿ. ಆಜ್ಞೆ ಕೊಡುವ ವಾಕ್ಯದಲ್ಲಿ “ಯು” ಮರೆಯಲ್ಲಿ ಇದ್ದೇ ಇರುತ್ತದೆ, ಖಾತೆ ತೆರೆಯುವವರೂ ಕಾರ್ಡ್ ತರುವವರೂ ಒಬ್ಬರೇ. ಆದರೆ “ಟು ಓಪನ್ ಆನ್ ಅಕೌಂಟ್, ಆಧಾರ್ ಕಾರ್ಡ್ ಮಸ್ಟ್ ಬಿ ಬ್ರಾಟ್” ಎಂದರೆ ಮತ್ತೆ ಅದೇ ತೊಂದರೆ, ಖಾತೆ ತೆರೆಯುತ್ತಿರುವುದು ಆಧಾರ್ ಕಾರ್ಡ್.

ಪರೀಕ್ಷೆಯ ಹಾಲಿನಲ್ಲಿ ಇಷ್ಟೆಲ್ಲ ಯೋಚಿಸಲು ಹೊತ್ತಿಲ್ಲ, ಒಪ್ಪುತ್ತೇನೆ. ವಾಕ್ಯ ಐಎನ್‌ಜಿ, ಹ್ಯಾವಿಂಗ್, ಬಿಲ್ಟ್ ತರಹದ ಪದ ಅಥವಾ “ಟು” ಇಂದ ಶುರುವಾಗಿದ್ದರೆ ನೇರ ಕಾಮಾಕ್ಕೆ ಹೋಗಿ. ಅದರ ಆಚೆಯ ಸಬ್ಜೆಕ್ಟನ್ನು ಬೆರಳಿಟ್ಟು ಹಿಡಿದು, ‘ಈ ಕೆಲಸ ಮಾಡಿದ್ದು (ಬಿಲ್ಟ್ ತರಹದ ಪದವಾದರೆ, ಆ ಕೆಲಸಕ್ಕೆ ಒಳಗಾದದ್ದು) ಇದೇನಾ?’ ಎಂದು ಕೇಳಿ. ಹೌದು ಎಂದರೆ ಮುಂದೆ ಹೋಗಿ ಬೇರೆ ತಪ್ಪು ಹುಡುಕಿ. ಅಲ್ಲ ಎಂದರೆ ಉತ್ತರ ಸಿಕ್ಕಿತು. ಸಬ್ಜೆಕ್ಟ್ ನಿರ್ಜೀವ ವಸ್ತು ಎಂಬ ಒಂದೇ ಕಾರಣಕ್ಕೆ ತಪ್ಪು ಎಂದು ಗುರುತು ಹಾಕಬೇಡಿ. “ಎಸ್ಟಾಬ್ಲಿಷ್ಡ್ ಇನ್ 1949, ಕರ್ನಾಟಕ್ ಯೂನಿವರ್ಸಿಟಿ ಈಸ್ ಇನ್ ಧಾರವಾಡ” ಎಂಬುದರಲ್ಲಿ ಏನೂ ತಪ್ಪಿಲ್ಲ, ಸ್ಥಾಪನೆಯಾದದ್ದು ವಿಶ್ವವಿದ್ಯಾಲಯವೇ.

ಮೂರು ವಾಕ್ಯ ಕೊಡುತ್ತೇನೆ, ಇವತ್ತು ರಾತ್ರಿ ಕೂತು ನೋಡಿ. ಒಂದು, “ಹ್ಯಾವಿಂಗ್ ರೀಚ್ಡ್ ದ ಸ್ಟೇಷನ್ ಲೇಟ್, ದ ಟ್ರೇನ್ ಹ್ಯಾಡ್ ಲೆಫ್ಟ್.” ಎರಡು, “ಫೌಂಡೆಡ್ ಇನ್ 1890, ಧಾರವಾಡ ಈಸ್ ಹೋಮ್ ಟು ಕರ್ನಾಟಕ ವಿದ್ಯಾವರ್ಧಕ ಸಂಘ.” ಮೂರು, “ಟು ಕ್ಯಾಚ್ ದ ಮಾರ್ನಿಂಗ್ ಬಸ್ ಟು ಗದಗ, ವೇಕ್ ಅಪ್ ಅರ್ಲಿ.” ಇವುಗಳಲ್ಲಿ ಒಂದರಲ್ಲಿ ತಪ್ಪೇ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, 1890ರಲ್ಲಿ ಹುಟ್ಟಿದ್ದು ಊರೋ ಸಂಘವೋ ಎಂದು ಕೇಳಿಕೊಂಡರೆ ಮಾತ್ರ ಅದು ಸಿಗುತ್ತದೆ.